ಕಬ್ಬಿನ ಕಣ್ಣು, ಮೈಯೊಳಗಿನ ಕಾಂಡಕೋಶ

‘ಸ್ಟೆಮ್ ಸೆಲ್’ ಎನ್ನುವ ಮಾತು ಈಗ ನಮ್ಮ ಕೃಷ್ಣಾ ದಂಡೆಯ ಹಳ್ಳಿಗಳಿಗೂ ಬಂದಿದೆ. ಲಕ್ವಾ ಹೊಡೆದು ಮಲಗಿದವರ ಮನೆಗೆ, ಮರೆವು ಹತ್ತಿದ ಹಿರಿಯರ ಮನೆಗೆ, ಬುದ್ಧಿ ಬೆಳವಣಿಗೆ ತಡವಾದ ಮಕ್ಕಳ ಮನೆಗೆ ಇದು ಹೆಚ್ಚಾಗಿ ಬರುತ್ತದೆ. “ಒಂದ ಸೂಜಿ ಮಾಡಿಸ್ರಿ, ಹೊಸ ನರ ಬೆಳಿತಾವ” ಅಂತ ಯಾರೋ ಹೇಳುತ್ತಾರೆ. ನಮ್ಮ ಬೀಗರ ಮನೆಯಲ್ಲಿ ಹಾಗೆ ಹೇಳಿದವನ ಮಾತಿಗೆ ಎರಡು ಎಕರೆ ಕಬ್ಬಿನ ಹೊಲ ಒತ್ತೆ ಬೀಳುವುದರಲ್ಲಿತ್ತು. ಆಗ ಓದಿ ಕೇಳಿ ತಿಳಿದುಕೊಂಡದ್ದನ್ನು ನನ್ನಂಥ ರೈತರಿಗೆ ಅರ್ಥವಾಗುವ ಹಾಗೆ ಇಲ್ಲಿ ಬರೆದಿದ್ದೇನೆ. ಇದು ಡಾಕ್ಟರ ಮಾತಿಗೆ ಬದಲಿ ಅಲ್ಲ. ಡಾಕ್ಟರ ಮುಂದೆ ಕುಳಿತಾಗ ಏನು ಕೇಳಬೇಕು ಅನ್ನುವುದಕ್ಕೆ ಒಂದು ತಯಾರಿ, ಅಷ್ಟೇ.

ಕಣ್ಣು ಇದ್ದರೆ ಬೆಳೆ

ಕಬ್ಬಿನ ಗಣಿಕೆಯಲ್ಲಿ ನಾರಿದೆ, ರಸವಿದೆ, ಸಿಪ್ಪೆಯಿದೆ. ಆದರೆ ಗಿಣ್ಣಿನ ಕಣ್ಣು ಇಲ್ಲದಿದ್ದರೆ ತುಂಡನ್ನು ನೆಟ್ಟು ಫಲವಿಲ್ಲ. ಗಣಿಕೆಯ ಉಳಿದ ಭಾಗ ತನ್ನ ಕೆಲಸಕ್ಕೆ ನಿಂತುಬಿಟ್ಟಿದೆ. ಕಣ್ಣು ಮತ್ತು ಸುಳಿ ಮಾತ್ರ ಇನ್ನೂ ಏನು ಬೇಕಾದರೂ ಆಗಬಲ್ಲವು. ಎಲೆ, ಬೇರು, ಗಣಿಕೆ ಎಲ್ಲವೂ ಅಲ್ಲಿಂದಲೇ. ಪುಣೆಯ ವಸಂತದಾದಾ ಸಕ್ಕರೆ ಸಂಸ್ಥೆಯಂಥ ಕಡೆ ಅಂಗಾಂಶ ಕೃಷಿಯಿಂದ ಸಸಿ ಮಾಡುವಾಗ ಸುಳಿಯ ತುದಿಯನ್ನೇ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ.

ನಮ್ಮ ಮೈಯಲ್ಲೂ ಇಂಥ ‘ಕಣ್ಣು’ಗಳಿವೆ. ಅವೇ ಸ್ಟೆಮ್ ಸೆಲ್. ಕನ್ನಡದಲ್ಲಿ ಕಾಂಡಕೋಶ ಅನ್ನುತ್ತಾರೆ. ಒಂದು ಕಾಂಡಕೋಶ ಎರಡಾಗಿ ಒಡೆದಾಗ ಒಂದು ಬೀಜವಾಗಿಯೇ ಉಳಿಯಬಹುದು, ಇನ್ನೊಂದು ಕೆಲಸದ ಕೋಶವಾಗುತ್ತದೆ. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಾಂಡಕೋಶಗಳಿವೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಸತ್ತದ್ದನ್ನು ತುಂಬಲು ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟಿಸುತ್ತದೆ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಚರ್ಮ, ಕೂದಲ ಬುಡಗಳಲ್ಲೂ ಇಂಥ ಬೀಜ ಇದೆ.

1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ಇಬ್ಬರು ಇಲಿಗಳ ಮಜ್ಜೆಯಲ್ಲಿ ಇಂಥ ಕೋಶ ಇರುವುದನ್ನು ತೋರಿಸಿದರು. 2006ರಲ್ಲಿ ಜಪಾನಿನ ಯಾಮನಾಕಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಲಿಯ ಕೆಲಸದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಬೀಜದಂಥ ಕೋಶ ಮಾಡಿದರು. 2012ರಲ್ಲಿ ಅವರಿಗೆ ನೊಬೆಲ್ ಪಾಲು ಬಂತು. ಗಣಿಕೆಯ ನಡುಭಾಗದಲ್ಲಿ ಹೊಸ ಕಣ್ಣು ಮೂಡಿಸಿದ ಹಾಗೆ ಅಂದುಕೊಳ್ಳಿರಿ.

ಮುಪ್ಪು ಅಂದರೆ ಹಳೆಯ ಕುಳೆ

ನಾಟಿ ಕಬ್ಬು ಕಡಿದ ಮೇಲೆ ಕುಳೆ ಬಿಡುತ್ತೇವೆ. ಮೊದಲ ಕುಳೆ ಚೆನ್ನಾಗಿ ಬಂತು, ಎರಡನೆಯದೂ ಪರವಾಗಿಲ್ಲ; ಮುಂದೆ ಬುಡ ಬರಿದಾಗುತ್ತ, ನಡುನಡುವೆ ಗ್ಯಾಪು ಬೀಳುತ್ತ ಹೋಗುತ್ತದೆ. ನೀರು, ಗೊಬ್ಬರ ಅಷ್ಟೇ ಇದ್ದರೂ ಮರಿ ಅಷ್ಟು ಒಡೆಯುವುದಿಲ್ಲ.

ಮೈಯ ಮುಪ್ಪಿನ ಒಂದು ದೊಡ್ಡ ಕಾರಣವೂ ಹೀಗೆಯೇ. ಕಾಂಡಕೋಶಗಳು ಕೆಲ ಕಡೆ ಕಡಿಮೆಯಾಗುತ್ತವೆ, ಕೆಲ ಕಡೆ ಇದ್ದರೂ ಕರೆದಾಗ ಏಳುವುದಿಲ್ಲ. ಹಿರಿಯರ ಗಾಯ ನಿಧಾನ ಮಾಯುವುದು, ತೋಳು ತೊಡೆಯ ಖಂಡ ಕರಗುವುದು, ಜ್ವರ ಬಂದರೆ ಚೇತರಿಕೆ ತಡವಾಗುವುದರಲ್ಲಿ ಇದರ ಪಾಲಿದೆ. ಇದೊಂದೇ ಕಾರಣವಲ್ಲ. ಆದರೆ ‘ಒಂದು ಸೂಜಿಯಿಂದ ಮುಪ್ಪು ಹಿಂದಕ್ಕೆ’ ಎನ್ನುವ ಮದ್ದು ಇವತ್ತಿನವರೆಗೆ ಜಗತ್ತಿನಲ್ಲಿ ಎಲ್ಲೂ ಇಲ್ಲ ಎನ್ನುವುದು ನೆನಪಿರಲಿ.

ಕಿಮೋ: ಬೆಳೆಯುವುದನ್ನೆಲ್ಲ ಹಿಡಿಯುವ ಎಣ್ಣೆ

ಕ್ಯಾನ್ಸರ್ ಅಂದರೆ ತಡೆಯಿಲ್ಲದೆ ಒಡೆದು ಬೆಳೆಯುವ ಕೋಶ. ಕಿಮೋ ಮದ್ದುಗಳಲ್ಲಿ ಹೆಚ್ಚಿನವು ಒಡೆಯುತ್ತಿರುವ ಕೋಶವನ್ನು ಹಿಡಿದು ಕೊಲ್ಲುತ್ತವೆ. ನಮ್ಮ ಅಂಗಳದ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆಯನ್ನೇ ನೋಡಿರಿ. ಅದರ ರಸದಿಂದ 1950ರ ದಶಕದಲ್ಲಿ ಕೆನಡಾದಲ್ಲಿ ವಿನ್‌ಬ್ಲಾಸ್ಟಿನ್ ತೆಗೆದರು; ವಿನ್‌ಕ್ರಿಸ್ಟಿನ್ ಕೂಡ ಅದೇ ಗಿಡದ್ದು. ಕೋಶ ಎರಡಾಗುವಾಗ ಒಳಗೆ ಹಗ್ಗ ಎಳೆದಂತೆ ಒಂದು ಏರ್ಪಾಡು ಆಗುತ್ತದೆ. ಈ ಮದ್ದು ಆ ಹಗ್ಗವನ್ನೇ ಕಟ್ಟಲು ಬಿಡುವುದಿಲ್ಲ. (ಹಾಗಂತ ಯಾರೂ ಆ ಎಲೆ ಅರೆದು ಕುಡಿಯಬಾರದು, ಅದು ವಿಷ.)

ತೊಂದರೆ ಏನೆಂದರೆ, ಈ ಎಣ್ಣೆ ಕಸ ಯಾವುದು ಬೆಳೆ ಯಾವುದು ಎಂದು ಪೂರ್ತಿ ಗುರುತಿಸುವುದಿಲ್ಲ. ವೇಗವಾಗಿ ಬೆಳೆಯುವ ಒಳ್ಳೆಯ ಕೋಶಗಳಿಗೂ ಬೀಳುತ್ತದೆ. ಕೂದಲ ಬುಡಕ್ಕೆ ಬಿದ್ದರೆ ಎರಡು ಮೂರು ವಾರದಲ್ಲಿ ಕೂದಲು ಉದುರುತ್ತದೆ. ಬಾಯಿ, ಕರುಳಿಗೆ ಬಿದ್ದರೆ ಹುಣ್ಣು, ಭೇದಿ. ಮಜ್ಜೆಗೆ ಬಿದ್ದರೆ ರಕ್ತ ಕಡಿಮೆ, ಬಿಳಿ ಕಣ ಕಡಿಮೆ. ವಿನ್‌ಕ್ರಿಸ್ಟಿನ್‌ನಂಥ ಮದ್ದಿನಿಂದ ಕೈಕಾಲು ಬೆರಳು ಜುಮುಜುಮು ಅನ್ನುವುದೂ ಉಂಟು.

ಮತ್ತೆ ಮೈ ಚೇತರಿಸುವುದು ಹೇಗೆ? ಮಜ್ಜೆಯ ಕಾಂಡಕೋಶಗಳಲ್ಲಿ ಹೆಚ್ಚಿನವು ಒಡೆಯದೆ ಮಲಗಿರುತ್ತವೆ. ಮಲಗಿದ್ದಕ್ಕೆ ಎಣ್ಣೆ ಅಷ್ಟಾಗಿ ತಾಕುವುದಿಲ್ಲ. ಮೇಲಿನ ಹಸಿರು ಸುಟ್ಟರೂ ಮಣ್ಣೊಳಗಿನ ಕಣ್ಣು ಮತ್ತೆ ಚಿಗುರುವಂತೆ ಅವು ಏಳುತ್ತವೆ. ಅನೇಕ ಕಿಮೋಗಳ ನಡುವೆ 21 ದಿನ ಬಿಡುವುದಕ್ಕೆ ಒಂದು ಕಾರಣ ಇದು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಕಿಮೋ ಕೊಟ್ಟ ಸುಮಾರು 7ರಿಂದ 14ನೆಯ ದಿನದೊಳಗೆ ಬಿಳಿ ಕಣ ತೀರ ಕೆಳಗಿಳಿಯುತ್ತವೆ. ಆಗ ಸಣ್ಣ ಸೋಂಕೂ ಉರಿದುಬಿಡುತ್ತದೆ. ನಮ್ಮ ಕಾಕಾಗೆ ಎರಡನೆಯ ಕಿಮೋ ಆದ ಒಂಬತ್ತನೆಯ ದಿನ ಸಂಜೆ ಮೈ ಬಿಸಿಯಾಯಿತು. ಊರಿನಲ್ಲಿ ಒಬ್ಬರು “ಕ್ರೋಸಿನ್ ಕೊಟ್ಟು ಮುಂಜಾನೆ ನೋಡೂಣು” ಅಂದರು. ಕಾಕೂ ಒಪ್ಪಲಿಲ್ಲ. ಆಸ್ಪತ್ರೆಯ ನರ್ಸಬಾಯಿ ಹೇಳಿದ್ದನ್ನು ಅವರು ಚೀಟಿಯಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದರು: ಜ್ವರ 100.4 ಡಿಗ್ರಿ ದಾಟಿದರೆ ರಾತ್ರಿಯಾದರೂ ಹೊರಡಬೇಕು. ಹೊರಟರು, ಕಾಕಾ ಉಳಿದರು. ಮರುದಿನದವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಕಿಮೋ ನಡೆದ ಮನೆಯಲ್ಲಿ ಒಂದು ಥರ್ಮಾಮೀಟರ್, ಒಂದು ಗಾಡಿಯವರ ನಂಬರು ಇರಲೇಬೇಕು. ಆ ದಿನಗಳಲ್ಲಿ ಸಗಣಿ ಬಾಚುವುದು, ತಿಪ್ಪೆ ಕೆದರುವುದು ಬೇಡ. ಕಾಯಿಸಿ ಆರಿಸಿದ ನೀರು, ಬಿಸಿ ಊಟ.

ಮಿದುಳಿನಲ್ಲಿ ಬೀಜ ಕಡಿಮೆ

ಕಿಮೋ ಮುಗಿದ ಮೇಲೂ ಕೆಲವರಿಗೆ ಹೆಸರು ಮರೆಯುವುದು, ಲೆಕ್ಕ ತಪ್ಪುವುದು ತಿಂಗಳುಗಟ್ಟಲೆ ಇರುತ್ತದೆ. ಮನೆಯವರು ‘ಮನಸ್ಸಿಗೆ ಹಚ್ಚಿಕೊಂಡಾರ’ ಅಂತ ಬಿಟ್ಟುಬಿಡುತ್ತಾರೆ. ಅದು ಬರೀ ಮನಸ್ಸಿನದಲ್ಲ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ತಂಡದವರು ಮೆಥೊಟ್ರೆಕ್ಸೇಟ್ ಎಂಬ ಕಿಮೋ ಮದ್ದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಮೋಟಾರಿನ ವೈರಿಗೆ ಮೇಲೆ ಹೊದಿಕೆ ಇರುತ್ತದಲ್ಲ, ಹಾಗೆ ನರದ ತಂತಿಗೂ ಒಂದು ಹೊದಿಕೆ ಇದೆ. ಆ ಹೊದಿಕೆ ಕಟ್ಟುವ ಎಳೆಯ ಕೋಶಗಳ ಕೆಲಸವನ್ನು ಮದ್ದು ಕೆಡಿಸಿತ್ತು. ಮಿದುಳಿನ ಕಾವಲು ಕೋಶಗಳು ಕೆರಳಿ ಕುಳಿತದ್ದು ಅದಕ್ಕೆ ಕಾರಣ. ಅವನ್ನು ತೆಗೆದಾಗ ಇಲಿಗಳ ನೆನಪು ಸುಧಾರಿಸಿತು. ಮನುಷ್ಯರಿಗೆ ಇದರಿಂದ ಮದ್ದು ಆಗಲು ಇನ್ನೂ ದಾರಿ ಇದೆ. ಆದರೆ ಮರೆವು ನಿಜವಾದದ್ದು, ಡಾಕ್ಟರಿಗೆ ಹೇಳಬೇಕಾದದ್ದು ಎಂದು ಗೊತ್ತಾದದ್ದೇ ನಮ್ಮಂಥವರಿಗೆ ದೊಡ್ಡ ಲಾಭ.

ರಕ್ತಕ್ಕೆ ಇದ್ದಷ್ಟು ಬೀಜದ ದಾಸ್ತಾನು ಮಿದುಳಿಗೆ ಇಲ್ಲ. ನೆನಪಿಗೆ ಸಂಬಂಧಿಸಿದ ಒಂದು ಭಾಗದಲ್ಲಿ ಹೊಸ ನರಕೋಶ ಹುಟ್ಟಿಸುವ ಎಳೆಯ ಕೋಶಗಳನ್ನು ಸ್ವೀಡನ್ನಿನ ವಿಜ್ಞಾನಿಗಳು 2025ರಲ್ಲಿ ದೊಡ್ಡವರಲ್ಲೂ ತೋರಿಸಿದ್ದಾರೆ. ಅವು ಇದ್ದರೂ ಸ್ವಲ್ಪವೇ. ಹಾಗಾಗಿ ಮಿದುಳಿನ ವಿಷಯದಲ್ಲಿ ಹೊಸದಾಗಿ ನೆಡುವುದಕ್ಕಿಂತ ನಿಂತ ಬೆಳೆ ಕಾಯುವುದೇ ಜಾಣತನ.

ಶ್ರೀನಿವಾಸಪುರದ ರೈತರು ಮಾಡುತ್ತಿರುವ ಕೆಲಸ

ಇದರಲ್ಲಿ ನಮ್ಮ ರಾಜ್ಯದ ರೈತರ ಪಾಲೂ ಇದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 2018ರಿಂದ ಒಂದು ದೊಡ್ಡ ಅಧ್ಯಯನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇದನ್ನು ನಡೆಸುತ್ತಿದೆ. 45 ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಅವರ ರಕ್ತ, ಬಿಪಿ, ಸಕ್ಕರೆ, ನೆನಪು, ಮಿದುಳಿನ ಚಿತ್ರ ನೋಡುತ್ತ ಹೋಗುವುದು ಗುರಿ. ಮುಪ್ಪಿನ ಬಗ್ಗೆ ದೊಡ್ಡ ಅಧ್ಯಯನಗಳು ಬಹುಪಾಲು ಶ್ರೀಮಂತ ದೇಶದ ಶಾಲೆ ಓದಿದವರ ಮೇಲೆ ಆದವು. ಹೊಲದಲ್ಲಿ ದುಡಿದ, ಅಕ್ಷರ ಬಾರದ, ಒಲೆಯ ಹೊಗೆ ಕುಡಿದ ನಮ್ಮವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ನಮ್ಮವರನ್ನು ನೋಡಿಯೇ ತಿಳಿಯಬೇಕು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಮರೆಗುಳಿ ಕಾಯಿಲೆಯವರಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ತಡೆಯಲು ನಮ್ಮ ಕೈಯಲ್ಲಿ ಏನಿದೆ? ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನು ಸರಿಪಡಿಸಿದರೆ ಶೇ. 45ರಷ್ಟು ಮರೆಗುಳಿತನ ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಸೆರೆ, ತಲೆಗೆ ಪೆಟ್ಟು, ಕಿವಿ ಮಂದ, ಕಣ್ಣು ಮಂದ, ಒಂಟಿತನ, ಹೊಗೆ, ಓದಿನ ಕೊರತೆ ಎಲ್ಲ ಅದರಲ್ಲಿವೆ. ಅಂದರೆ ಅಜ್ಜನ ಕಣ್ಣಿನ ಪೊರೆ ತೆಗೆಸುವುದು, ಕಿವಿಗೆ ಮಶಿನ್ ಹಾಕಿಸುವುದು, ಬಿಪಿ ಗುಳಿಗೆ ತಪ್ಪಿಸದಿರುವುದು, ಬೈಕಿಗೆ ಹೆಲ್ಮೆಟ್ಟು, ಇವೇ ಮಿದುಳಿನ ಮದ್ದು.

ನಮ್ಮ ಕಸುಬಿನಲ್ಲಿ ಇನ್ನೊಂದಿದೆ: ಎಣ್ಣೆ ಹೊಡೆಯುವುದು. ಗೆದ್ದಲಿಗೆ ಹಾಕುವ ಕ್ಲೋರ್‌ಪೈರಿಫಾಸ್‌ನಂಥವು ಹುಳದ ನರವನ್ನು ಕೆಡಿಸುವ ರೀತಿಯಲ್ಲೇ ನಮ್ಮ ನರವನ್ನೂ ಕೆಡಿಸುತ್ತವೆ. ವಿಶೇಷ ನೋಡಿರಿ, ಬೆಂಗಳೂರಿನ ‘ಇನ್‌ಸ್ಟೆಮ್’ ಅನ್ನುವುದು ಕಾಂಡಕೋಶದ ಸಂಶೋಧನೆಗೆ ಕೇಂದ್ರ ಸರಕಾರ ಕಟ್ಟಿದ ಸಂಸ್ಥೆ. ಅಲ್ಲಿಯೇ ಈ ಎಣ್ಣೆಯನ್ನು ಬಟ್ಟೆಯ ಮೇಲೆಯೇ ಒಡೆದು ನಿರ್ವಿಷ ಮಾಡುವ ಬಟ್ಟೆ ತಯಾರಾಯಿತು. ‘ಕಿಸಾನ್ ಕವಚ’ ಎಂಬ ಹೆಸರಿನಲ್ಲಿ 2024ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಬೆಲೆ 4,000 ರೂಪಾಯಿ ಇತ್ತು. ತೊಳೆದು ಮತ್ತೆ ಬಳಸಬಹುದು. ಒಬ್ಬೊಬ್ಬರಿಗೆ ಭಾರವೆನಿಸಿದರೆ ನಾಲ್ಕು ಮನೆ ಕೂಡಿ ಒಂದು ಇಟ್ಟುಕೊಳ್ಳಬಹುದು. ಅದು ಇಲ್ಲದಿದ್ದರೂ ತುಂಬು ತೋಳಿನ ಅಂಗಿ, ಗ್ಲೌಸು, ಮುಖಕ್ಕೆ ಬಟ್ಟೆ, ಗಾಳಿಗೆ ಬೆನ್ನು ಬಿಡಬಾರದು.

ಪಾತ್ರೆಯಲ್ಲಿ ಬೆಳೆದ ಮಾಂಸ

ಕಾಂಡಕೋಶದ ಇನ್ನೊಂದು ಸುದ್ದಿ ನಮ್ಮ ಆಡು, ಕೋಳಿ ಸಾಕಣೆಗೆ ಸಂಬಂಧಿಸಿದ್ದು. ಮಾಂಸಖಂಡದ ಎಳೆಗಳ ಒತ್ತಿಗೆ ಬೀಜಕೋಶಗಳು ಮಲಗಿರುತ್ತವೆ. ಪ್ರಾಣಿಯಿಂದ ಸ್ವಲ್ಪ ತೆಗೆದು, ದೊಡ್ಡ ಪಾತ್ರೆಯಲ್ಲಿ ಸಕ್ಕರೆ, ಅಮೈನೋ ಆಮ್ಲ, ಲವಣದ ದ್ರವ ಕೊಟ್ಟು, ಬೆಚ್ಚಗಿಟ್ಟು ಬೆಳೆಸಿದರೆ ಮಾಂಸದ ಎಳೆ ಆಗುತ್ತದೆ. 2013ರ ಆಗಸ್ಟಿನಲ್ಲಿ ಹಾಲೆಂಡಿನ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ಇಂಥ ಮೊದಲ ಬರ್ಗರ್ ತೋರಿಸಿದರು. ಅದೊಂದಕ್ಕೆ ತಗುಲಿದ ಖರ್ಚು ಎರಡೂವರೆ ಲಕ್ಷ ಯೂರೋ! 2020ರ ಡಿಸೆಂಬರಿನಲ್ಲಿ ಸಿಂಗಪುರ, 2023ರಲ್ಲಿ ಅಮೆರಿಕ ಮಾರಾಟಕ್ಕೆ ಒಪ್ಪಿದವು. ಇಟಲಿ 2023ರಲ್ಲಿ ಬೇಡವೆಂದು ಕಾನೂನು ಮಾಡಿತು. ನಮ್ಮಲ್ಲಿ ಹೈದರಾಬಾದಿನ ಸಿಸಿಎಂಬಿ 2019ರಲ್ಲಿ, ಕೊಚ್ಚಿಯ ಸಾಗರ ಮೀನುಗಾರಿಕೆ ಸಂಸ್ಥೆ 2024ರಲ್ಲಿ ಸಂಶೋಧನೆಗೆ ಕೈ ಹಾಕಿದವು.

ಹೆದರಿ ಆಡು ಮಾರುವ ಕಾರಣವಿಲ್ಲ. ದೊಡ್ಡ ಪ್ರಮಾಣದಲ್ಲಿ ಅಗ್ಗವಾಗಿ ಬೆಳೆಸುವುದೇ ಅವರಿಗೆ ಇನ್ನೂ ಬಿಡಿಸದ ಗಂಟು. ಮೇಲಾಗಿ ಆ ಪಾತ್ರೆಗೂ ಮೇವು ಬೇಕು. ಗ್ಲೂಕೋಸ್ ಗೋವಿನಜೋಳದ ಹಿಟ್ಟಿನಿಂದಲೂ ಬರುತ್ತದೆ. ಪಾತ್ರೆಯಿಂದ ಗೊಬ್ಬರ ಮಾತ್ರ ಬರುವುದಿಲ್ಲ, ಅದಕ್ಕೆ ನಮ್ಮ ಹಟ್ಟಿಯೇ ಗತಿ.

ಹಣ ಕೊಡುವ ಮೊದಲು

ಈಗ ಸೂಜಿಯ ಮಾತಿಗೆ ಬರೋಣ. ಕಾಂಡಕೋಶದ ಚಿಕಿತ್ಸೆ ಸುಳ್ಳಲ್ಲ. ಮಜ್ಜೆ ಬದಲಿ ಚಿಕಿತ್ಸೆ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲೇ ಆಯಿತು; ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಬೇನೆಗಳಲ್ಲಿ ಅದರಿಂದ ಬದುಕಿದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ರಕ್ತದ ಕಾಯಿಲೆಗಳಿಗೆ ಮಾಡುವ ಇದನ್ನು ಮಾತ್ರ ರೂಢಿಯ ಚಿಕಿತ್ಸೆ ಎಂದಿತು, ಉಳಿದದ್ದೆಲ್ಲ ಪ್ರಯೋಗ. ಆಮೇಲೆ ಒಪ್ಪಿಗೆ ಪಡೆದವು ಬೆರಳೆಣಿಕೆಯಷ್ಟು: ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಮದ್ದಿಗೆ 2020ರಲ್ಲಿ ಕಾಲಿನ ರಕ್ತನಾಳ ಕಟ್ಟುವ ಬೇನೆಗೂ 2022ರಲ್ಲಿ ಮೊಣಕಾಲು ಸವೆತಕ್ಕೂ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಲಕ್ವಾ, ಮರೆವು, ಮಕ್ಕಳ ಬುದ್ಧಿ ಬೆಳವಣಿಗೆಗೆ ಮಾರುವ ಸೂಜಿ ಈ ಸಾಲಿನದಲ್ಲ. ಆದ್ದರಿಂದ ಇಷ್ಟು ಕೇಳಿರಿ:

1. ಯಾವ ಕಾಯಿಲೆಗೆ, ಯಾವ ಮದ್ದಿಗೆ ಒಪ್ಪಿಗೆ ಇದೆ? ಕಾಗದ ತೋರಿಸಲಿ.

2. ‘ಪ್ರಯೋಗ’ ಎಂದರೆ, ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಏನು? ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ಕೇಳುವಂತಿಲ್ಲ. ಕೇಳಿದರೆ ಎದ್ದು ಬನ್ನಿರಿ.

3. ಒಂದೇ ಸೂಜಿ ಹತ್ತು ಬೇನೆಗೆ ಅಂದರೆ ನಂಬಬೇಡಿರಿ. ಎಲ್ಲ ಹುಳಕ್ಕೂ ಒಂದೇ ಎಣ್ಣೆ ಅನ್ನುವ ಅಂಗಡಿಯವನನ್ನು ನಾವು ನಂಬುತ್ತೇವೆಯೇ?

4. ಹೆರಿಗೆಯ ಹೊತ್ತಿಗೆ ಹೊಕ್ಕುಳ ಬಳ್ಳಿಯ ರಕ್ತವನ್ನು ‘ಮಗುವಿನ ವಿಮೆ’ ಎಂದು ಹಣ ಪಡೆದು ಇಡುವವರಿದ್ದಾರೆ. ಮುಂದೆ ಅದೇ ಮಗುವಿಗೆ ಬೇಕಾದೀತು ಎಂದು ಹೀಗೆ ಖಾಸಗಿಯಾಗಿ ಇಡುವುದಕ್ಕೆ ವಿಜ್ಞಾನದ ಆಧಾರವಿಲ್ಲ ಎಂದು ಐಸಿಎಂಆರ್ ಹೇಳಿದೆ.

5. ಕ್ಯಾನ್ಸರ್ ಎಂದಾದರೆ ಮೊದಲು ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆ ವಿಚಾರಿಸಿರಿ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕೇಳದೆ ಕೈಯಿಂದ ದುಡ್ಡು ಬಿಚ್ಚಬೇಡಿರಿ.

ನಮ್ಮ ಬೀಗರು ಒಂದನೆಯ, ಎರಡನೆಯ ಪ್ರಶ್ನೆ ಕೇಳಿದರು. ಆ ಮನುಷ್ಯ “ನಾಳೆ ಕಾಗದ ತರತೇನಿ” ಅಂತ ಹೋದವನು ಈವರೆಗೂ ಬಂದಿಲ್ಲ. ಒತ್ತೆಗೆಂದು ತೆಗೆದಿಟ್ಟ ಉತಾರೆ ಮತ್ತೆ ಟ್ರಂಕಿಗೆ ಹೋಯಿತು. ಲಕ್ವಾ ಹೊಡೆದ ಹಿರಿಯರಿಗೆ ಈಗ ದಿನಾ ಎರಡು ಹೊತ್ತು ಕೈಕಾಲಿನ ವ್ಯಾಯಾಮ ಮಾಡಿಸುತ್ತಾರೆ, ಬಿಪಿ ಗುಳಿಗೆ ತಪ್ಪಿಸುವುದಿಲ್ಲ. ಕೋಲು ಹಿಡಿದು ಹಟ್ಟಿಯವರೆಗೆ ನಡೆಯುತ್ತಾರೆ.