ಹಾರ್ಡ್ ಡಿಸ್ಕಿನ ಮರುಬಳಕೆ

ಗಣಕಯಂತ್ರವು ಕೆಟ್ಟೊಡನೆ ಅದರೊಳಗಿನ ಬರಹ, ಚಿತ್ರಗಳೆಲ್ಲವೂ ನಾಶವಾದುವೆಂದು ಅನೇಕರು ತಿಳಿಯುವರು. ಇದು ಸರಿಯಲ್ಲ. ಅವು ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಉಳಿದ ಭಾಗಗಳು ಕೆಟ್ಟರೂ ಡಿಸ್ಕು ಸುಸ್ಥಿತಿಯಲ್ಲಿರಬಹುದು. ಅದನ್ನು ಹೊರತೆಗೆದು ಬೇರೊಂದು ಗಣಕಕ್ಕೆ ಹೊರಗಿನಿಂದ ಜೋಡಿಸುವ ಬಗೆಯನ್ನು ನಾವು ಇಲ್ಲಿ ವಿಚಾರಿಸೋಣ.

1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಇಂದು ನಾವು ಕಾಣುವ ತಿರುಗುವ ಡಿಸ್ಕುಗಳು ಚಿಕ್ಕವು: ಮೇಜಿನ ಗಣಕದ್ದು ಸಾಮಾನ್ಯವಾಗಿ 3.5 ಅಂಗುಲ, ಲ್ಯಾಪ್‌ಟಾಪಿನದು 2.5 ಅಂಗುಲ.

ಜೋಡಣೆಗೆ ಎರಡು ಅನುಕೂಲಗಳು ಬೇಕು. ಮೊದಲನೆಯದು, ಡಿಸ್ಕಿನ ಸಾಟಾ ಸಂಪರ್ಕವನ್ನು ಯು.ಎಸ್.ಬಿ.ಗೆ ಹೊಂದಿಸುವ ಅಡಾಪ್ಟರ್ ಅಥವಾ ಕೇಸ್. ಎರಡನೆಯದು ವಿದ್ಯುತ್ತು. ಚಿಕ್ಕ ಡಿಸ್ಕಿಗೆ 5 ವೋಲ್ಟ್ ಸಾಕು, ಅದು ಯು.ಎಸ್.ಬಿ. ತಂತಿಯಿಂದಲೇ ದೊರೆಯುವುದು. ದೊಡ್ಡದರ ಮೋಟಾರಿಗೆ 12 ವೋಲ್ಟ್ ಬೇಕಾದುದರಿಂದ ಪ್ರತ್ಯೇಕ ವಿದ್ಯುತ್ ಸಂಪರ್ಕವನ್ನು ಕೊಡಬೇಕು. ಇದನ್ನರಿಯದೆ, ತಿರುಗದ ಡಿಸ್ಕು ಕೆಟ್ಟಿತೆಂದು ಎಸೆಯಬಾರದು.

ಡಿಸ್ಕನ್ನು ಬಿಚ್ಚುವ ಮೊದಲು ಹಳೆಯ ಗಣಕದ ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯಬೇಕು. ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆಯಬೇಕು. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಬಾರದು.

ಜೋಡಿಸಿದೊಡನೆ ಗಣಕವು ಕೆಲವೊಮ್ಮೆ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುವುದುಂಟು. ಬೇರೊಂದು ವ್ಯವಸ್ಥೆಯಲ್ಲಿ ಬರೆದ ಡಿಸ್ಕನ್ನು ಅದು ಓದಲಾರದೆ ಹೀಗೆ ಕೇಳಬಹುದು. ಆಗ ಅವಸರದಿಂದ ಒಪ್ಪಿದರೆ ಮನೆಯವರ ಹತ್ತು ವರ್ಷಗಳ ಭಾವಚಿತ್ರಗಳೂ ಕೈತಪ್ಪಿಯಾವು. ಒಪ್ಪದೆ, ಬಲ್ಲವರನ್ನು ಕೇಳುವುದು ಲೇಸು.

ಮೊದಲು ಬೇಕಾದುದನ್ನೆಲ್ಲ ನಕಲು ಮಾಡಿ, ನಕಲನ್ನು ತೆರೆದು ಪರೀಕ್ಷಿಸಿ, ಬಳಿಕವೇ ಡಿಸ್ಕನ್ನು ಹೊಸ ಕೆಲಸಕ್ಕೆ ತೊಡಗಿಸೋಣ. ಹಳೆಯ ಡಿಸ್ಕು ಎಂದಾದರೂ ನಿಂತುಹೋಗಬಹುದು. ಆದುದರಿಂದ ಅಮೂಲ್ಯವಾದುದನ್ನು ಅದೊಂದರಲ್ಲಿಯೇ ಇಡದಿರೋಣ.