ಕ್ಲಸ್ಟರ್ ತಲೆನೋವಿಗೆ ಹಿಂದಲೆಯಲ್ಲಿ ಇಂಜೆಕ್ಷನ್

ಒಂದೇ ಕಣ್ಣಿನ ಹಿಂದೆ ಇರಿದಂತಹ ನೋವು. ಅದೇ ಕಣ್ಣಲ್ಲಿ ನೀರು, ಅದೇ ಕಡೆಯ ಮೂಗು ಕಟ್ಟುತ್ತದೆ. ಮೈಗ್ರೇನ್ ಬಂದವರು ಕತ್ತಲೆಯಲ್ಲಿ ಮಲಗಬಯಸಿದರೆ, ಕ್ಲಸ್ಟರ್ ತಲೆನೋವಿನವರು ಕೂತಲ್ಲಿ ಕೂರಲಾರದೆ ಶತಪಥ ಹಾಕುತ್ತಾರೆ. ಒಂದು ಸಲಕ್ಕೆ 15 ನಿಮಿಷದಿಂದ 3 ಗಂಟೆ, ದಿನಕ್ಕೆ 8 ಸಲದವರೆಗೂ ಬರಬಹುದು. ವಾರಗಟ್ಟಲೆ ಕಾಡಿ ತಿಂಗಳುಗಟ್ಟಲೆ ಮಾಯವಾಗುವುದು ಇದರ ಚಾಳಿ. ಸೈನಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಇದ್ದಾರೆ.

ಹಾಗಾಗಿ ಮೊದಲ ಹೆಜ್ಜೆ ಇಂಜೆಕ್ಷನ್ ಅಲ್ಲ, ನರರೋಗ ತಜ್ಞರ ಭೇಟಿ. ನೋವು ಯಾವ ಕಡೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂದು ಒಂದು ವಾರ ಬರೆದಿಟ್ಟುಕೊಂಡು ಹೋಗಿ.

ನೋವು ಕಣ್ಣಲ್ಲಿ, ಸೂಜಿ ಹಿಂದಲೆಗೆ ಏಕೆ? ಹಿಂದಲೆಯ ಆಕ್ಸಿಪಿಟಲ್ ನರವೂ ಮುಖದ ಟ್ರೈಜೆಮಿನಲ್ ನರವೂ ಕುತ್ತಿಗೆಯ ಮೇಲ್ಭಾಗದಲ್ಲಿ ಒಂದೇ ನರಕೋಶಗಳ ಗುಂಪನ್ನು ಸೇರುತ್ತವೆ. ಒಂದನ್ನು ಸುಮ್ಮನಾಗಿಸಿದರೆ ಇನ್ನೊಂದರ ಗಲಾಟೆಯೂ ತಗ್ಗುತ್ತದೆ. ಅಮೆರಿಕನ್ ಹೆಡೇಕ್ ಸೊಸೈಟಿಯ 2016ರ ಮಾರ್ಗಸೂಚಿಯಲ್ಲಿ ತಡೆಗಟ್ಟುವ ಚಿಕಿತ್ಸೆಯಾಗಿ ಅತ್ಯುನ್ನತ ಶ್ರೇಣಿ ಸಿಕ್ಕಿದ್ದು ಹಿಂದಲೆಗೆ ಕೊಡುವ ಈ ಸ್ಟೀರಾಯ್ಡ್ ಇಂಜೆಕ್ಷನ್ನಿಗೇ.

ಇಂಜೆಕ್ಷನ್ನಿಗೆ ಮುಂಚೆ ವೈದ್ಯರಿಗೆ ಇಷ್ಟನ್ನು ಮುಚ್ಚಿಡದೆ ಹೇಳಿ: ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ, ಮರಗಟ್ಟಿಸುವ ಮದ್ದಿನ ಅಲರ್ಜಿ, ಬಸಿರು, ಎಚ್‌ಐವಿ ಔಷಧ, ತಲೆಬುರುಡೆಯ ಹಿಂಭಾಗದ ಹಳೆಯ ಶಸ್ತ್ರಚಿಕಿತ್ಸೆ. ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಎಚ್ಚರವಾಗಿರಬೇಕು. ಸ್ಟೀರಾಯ್ಡ್ ಕೆಲ ದಿನ ಸಕ್ಕರೆಯನ್ನು ಏರಿಸುತ್ತದೆ.

ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂರಿಸುತ್ತಾರೆ. ಹಿಂದಲೆಯ ಉಬ್ಬು ಮೂಳೆಗೂ ಕಿವಿಯ ಹಿಂದಿನ ಮೂಳೆಗೂ ನಡುವೆ, ಉಬ್ಬಿನಿಂದ ಮೂರನೇ ಒಂದು ಪಾಲು ದೂರದಲ್ಲಿ, ನೋವಿರುವ ಕಡೆಯೇ ಚುಚ್ಚುತ್ತಾರೆ. ಲಿಡೊಕೇನ್‌ನಂತಹ ಮರಗಟ್ಟಿಸುವ ಮದ್ದಿನ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಉರಿ, ಒತ್ತಡ ಅನಿಸೀತು. ಕೆಲವೇ ನಿಮಿಷದ ಕೆಲಸ. ಸ್ವಲ್ಪ ಹೊತ್ತಿನಲ್ಲೇ ನೆತ್ತಿಯವರೆಗೆ ಜೋಮು ಹಿಡಿದಂತಾಗುತ್ತದೆ. ತಲೆ ಸುತ್ತಬಹುದು, ತಕ್ಷಣ ಏಳಬೇಡಿ. ವಾಪಸು ಬರುವಾಗ ಬೈಕ್ ಬೇರೆಯವರು ಓಡಿಸಲಿ.

ಜೋಮು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ತಡೆಯ ಪರಿಣಾಮ ಕಾಣಲು ಕೆಲವು ದಿನ ಬೇಕಾಗಬಹುದು. ಕೆಲಸ ಮಾಡಿದರೆ ವಾರಗಟ್ಟಲೆ ನಿರಾಳ, ಎಲ್ಲರಿಗೂ ಮಾಡುವುದಿಲ್ಲ. ಚುಚ್ಚಿದ ಜಾಗದಲ್ಲಿ ಅಪರೂಪಕ್ಕೆ ಕೂದಲು ಉದುರಿ ಚರ್ಮ ಗುಳಿ ಬೀಳುವುದುಂಟು.

ನನ್ನ ಪ್ರಕಾರ ಈ ಇಂಜೆಕ್ಷನ್ನನ್ನು ಕಾಲಾವಕಾಶ ಗಳಿಸುವ ಉಪಾಯವಾಗಿ ನೋಡುವುದೇ ಸರಿ. ನೋವು ತಡೆಗಟ್ಟಲು ಕೊಡುವ ವೆರಪಮಿಲ್ ಮಾತ್ರೆ ಕೆಲಸ ಶುರುಮಾಡಲು ಒಂದೆರಡು ವಾರ ಬೇಕು, ಅದಕ್ಕೆ ಇಸಿಜಿ ನಿಗಾ ಬೇರೆ. ಆ ಅಂತರವನ್ನು ಈ ಇಂಜೆಕ್ಷನ್ ತುಂಬುತ್ತದೆ. ಆದ್ದರಿಂದ ಕಾಯಿಲೆ ಇದೇ ಎಂದು ಖಚಿತವಾದವರು ನೋವಿನ ಸರಣಿ ಶುರುವಾದ ಕೂಡಲೇ ಹೋಗಿ. ಸರಣಿ ಮುಗಿಯುವವರೆಗೆ ಮದ್ಯ ಮುಟ್ಟಬೇಡಿ. ಸ್ಟೀರಾಯ್ಡನ್ನು ಪದೇ ಪದೇ ಹಾಕುವಂತಿಲ್ಲ, ಬೇರೆ ಆಸ್ಪತ್ರೆಗೆ ಹೋದರೆ ಹಿಂದಿನ ಇಂಜೆಕ್ಷನ್ನಿನ ದಿನಾಂಕ ತೋರಿಸಿ. ಜ್ವರ, ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ ಅಥವಾ ಎಂದೂ ಕಾಣದಂತಹ ತಲೆನೋವು ಬಂದರೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.