ಕಾಣದ ಏಟಿನ ಲೆಕ್ಕ



ಅಕೌಂಟೆನ್ಸಿಯಲ್ಲಿ ನಾವು ಸವಕಳಿಯ ಪಾಠ ಓದಿದ್ದೇವೆ. ಯಂತ್ರ ಇವತ್ತು ಚೆನ್ನಾಗಿ ಓಡಿತು ಎಂದ ಮಾತ್ರಕ್ಕೆ ಅದು ಸವೆದಿಲ್ಲ ಎಂದಲ್ಲ. ಕಣ್ಣಿಗೆ ಕಾಣದಿದ್ದರೂ ಪ್ರತಿ ವರ್ಷ ಸವಕಳಿಯನ್ನು ಪುಸ್ತಕದಲ್ಲಿ ಬರೆಯಬೇಕು. ಬರೆಯದಿದ್ದರೆ ಲಾಭ ಹೆಚ್ಚು ಕಾಣುತ್ತದೆ, ಆದರೆ ಅದು ಸುಳ್ಳು ಲಾಭ. ಮನುಷ್ಯನ ತಲೆಗೂ ಈ ಪಾಠ ಅನ್ವಯಿಸುತ್ತದೆ ಎಂದು ನನಗೆ ಒಂದು ಸಿನಿಮಾ ನೋಡಿದ ಮೇಲೆ ತಿಳಿಯಿತು.

ಸಿನಿಮಾದ ಹೆಸರು ‘ಕನ್ಕಶನ್’. ತಲೆಗೆ ಏಟು ಬಿದ್ದು ಮೆದುಳು ಅಲುಗಾಡಿ ಅದರ ಕೆಲಸ ಏರುಪೇರಾಗುವುದಕ್ಕೆ ವೈದ್ಯರು ಹೇಳುವ ಹೆಸರೂ ಇದೇ. 2015ರಲ್ಲಿ ಬಂದ ಈ ಚಿತ್ರದಲ್ಲಿ ವಿಲ್ ಸ್ಮಿತ್ ಅವರು ಡಾ. ಬೆನೆಟ್ ಒಮಾಲು ಅವರ ಪಾತ್ರ ಮಾಡಿದ್ದಾರೆ. ಒಮಾಲು ನೈಜೀರಿಯಾದಿಂದ ಅಮೆರಿಕಕ್ಕೆ ಹೋದ ವೈದ್ಯರು. ಪಿಟ್ಸ್‌ಬರ್ಗ್‌ನಲ್ಲಿ ಶವಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. 2002ರಲ್ಲಿ ಅವರ ಮುಂದೆ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರನ ದೇಹ ಬಂತು. ವಯಸ್ಸು ಬರೀ 50. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನಂತಲ್ಲ. ಅಲ್ಲಿ ಹೆಲ್ಮೆಟ್ ಹಾಕಿಕೊಂಡು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುವುದೇ ಆಟದ ಭಾಗ. ವೆಬ್‌ಸ್ಟರ್ 17 ಸೀಸನ್ ಆಡಿ, ಕೊನೆಗಾಲದಲ್ಲಿ ನೆನಪು ಕಳೆದುಕೊಂಡು, ತನ್ನ ಗಾಡಿಯಲ್ಲೇ ಮಲಗುವ ಸ್ಥಿತಿಗೆ ಬಂದಿದ್ದರು.

ಹೊರಗಿನಿಂದ ನೋಡಿದರೆ ಅವರ ಮೆದುಳು ಸರಿಯಾಗಿಯೇ ಇತ್ತು. ಒಮಾಲು ಅಷ್ಟಕ್ಕೇ ಬಿಡದೆ ಅದರ ತೆಳುವಾದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ‘ಟೌ’ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟುಗಟ್ಟಿತ್ತು. ಮತ್ತೆ ಮತ್ತೆ ತಲೆಗೆ ಬಿದ್ದ ಏಟುಗಳಿಂದ ಬರುವ ಈ ಕಾಯಿಲೆಯನ್ನು ಚಿಕ್ಕದಾಗಿ ಸಿ.ಟಿ.ಇ. ಎನ್ನುತ್ತಾರೆ. 2005ರಲ್ಲಿ ಒಮಾಲು ಇದನ್ನು ಪ್ರಕಟಿಸಿದಾಗ ಆ ಲೀಗ್‌ನ ಸಮಿತಿಯ ವೈದ್ಯರು ಲೇಖನವನ್ನು ಹಿಂಪಡೆಯಬೇಕೆಂದರು. ಈ ಕಾಯಿಲೆಗೂ ಆಟಕ್ಕೂ ಸಂಬಂಧವಿದೆ ಎಂದು ಲೀಗ್‌ನ ಅಧಿಕಾರಿಯೊಬ್ಬರು ಬಾಯಿಬಿಟ್ಟು ಒಪ್ಪಿದ್ದು 2016ರಲ್ಲಿ. ಅಷ್ಟು ವರ್ಷ ಸವಕಳಿಯನ್ನು ಬರೆಯದೆ ಲಾಭವನ್ನಷ್ಟೇ ಬರೆದಂತಾಯಿತು.

‘ಅಮೆರಿಕದ ಕಥೆ ನಮಗೇಕೆ?’ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಆದರೆ ನನಗೆ ಹೋದ ವರ್ಷದ ಒಂದು ಸಂಜೆ ನೆನಪಾಯಿತು.

ನಮ್ಮೂರು ಉಪ್ಪಿನಬೆಟಗೇರಿಯಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದೆವು. ರೈಡರ್‌ನನ್ನು ಹಿಡಿಯಲು ಹೋದಾಗ ನಮ್ಮ ತಂಡದವನ ಮೊಣಕಾಲು ನನ್ನ ಕಿವಿಯ ಮೇಲ್ಭಾಗಕ್ಕೆ ಜೋರಾಗಿ ಬಡಿಯಿತು. ಒಂದು ಕ್ಷಣ ಎಲ್ಲವೂ ಬೆಳ್ಳಗೆ ಕಂಡಿತು. ಎಲ್ಲರೂ ಓಡಿ ಬಂದರು. “ಏನೂ ಆಗಿಲ್ರೋ, ಆಡ್ತೀನಿ” ಎಂದೆ. ರಕ್ತ ಬಂದಿರಲಿಲ್ಲ, ಎಲ್ಲರೂ ನಂಬಿದರು. ನಿಜ ಹೇಳಬೇಕೆಂದರೆ ಅದು ಧೈರ್ಯವಲ್ಲ. ಭಾನುವಾರ ದೊಡ್ಡ ಪಂದ್ಯವಿತ್ತು, ಕೂತರೆ ನನ್ನ ಜಾಗ ಇನ್ನೊಬ್ಬನಿಗೆ ಹೋಗುತ್ತದೆ ಎಂಬ ಭಯ.

ರಾತ್ರಿ ಇಶಾ ನಮಾಜಿನಲ್ಲಿ ಸಜ್ದಾಕ್ಕೆ ಬಾಗಿದಾಗ ನೆಲವೇ ತಿರುಗಿದಂತಾಯಿತು. ಮನೆಯಲ್ಲಿ, ನಾಳೆ ಧಾರವಾಡದ ಬಸ್ಸು ಎಷ್ಟು ಗಂಟೆಗೆ ಎಂದು ಅಮ್ಮಿಯನ್ನು ಮೂರು ಸಲ ಕೇಳಿದೆನಂತೆ. ಆಮೇಲೆ ವಾಂತಿಯಾಯಿತು. ಅಬ್ಬಾ ಆ ರಾತ್ರಿಯೇ ಬೈಕಿನ ಮೇಲೆ ಅಣ್ಣನನ್ನು ನನ್ನ ಹಿಂದೆ ಕೂರಿಸಿ ಧಾರವಾಡದ ದವಾಖಾನೆಗೆ ಕರೆದೊಯ್ದರು. ಪರೀಕ್ಷೆ ಮಾಡಿದ ಡಾಕ್ಟರು ಒಂದು ಮಾತು ಹೇಳಿದರು: “ತಲಿ ಒಡದಿಲ್ಲ ಅಂದ್ರ ಒಳಗ ಏನೂ ಆಗಿಲ್ಲ ಅಂತ ಅಲ್ಲಪಾ. ಇದು ಮಾಯೋದರಾಗ ಇನ್ನೊಂದು ಏಟು ಬಿತ್ತಂದ್ರ ಭಾಳ ಕಷ್ಟ.”

ಭಾನುವಾರ ನಾನು ಗೆರೆಯ ಹೊರಗೆ ಕೂತು ಪಂದ್ಯ ನೋಡಿದೆ. ತುಂಬ ನಾಚಿಕೆಯಾಗಿತ್ತು. ನಮ್ಮ ರಾಜ್ಯದ ಮಯಂಕ್ ಅಗರ್‌ವಾಲ್ ಅವರ ವಿಷಯ ಆಗ ಗೊತ್ತಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಮೊದಲ ಟೆಸ್ಟ್‌ಗೆ ಮುನ್ನ, ನಾಟಿಂಗ್‌ಹ್ಯಾಮ್‌ನ ನೆಟ್ಸ್‌ನಲ್ಲಿ ಮೊಹಮ್ಮದ್ ಸಿರಾಜ್ ಅವರ ಚೆಂಡು ಅವರ ಹೆಲ್ಮೆಟ್‌ಗೆ ಬಡಿಯಿತು. ಕನ್ಕಶನ್ ಲಕ್ಷಣ ಕಂಡ ಕೂಡಲೇ ಅವರನ್ನು ಆಟದಿಂದ ಹೊರಗಿಟ್ಟರು. ಆ ಜಾಗಕ್ಕೆ ಬಂದವರೂ ಕರ್ನಾಟಕದ ಕೆ.ಎಲ್. ರಾಹುಲ್, 84 ರನ್ ಹೊಡೆದರು. ಮಯಂಕ್ ಜಾಗ ಕಳೆದುಕೊಂಡದ್ದು ನಿಜ. ಆದರೆ ಅದೇ ಡಿಸೆಂಬರ್‌ನಲ್ಲಿ ಮುಂಬೈ ಟೆಸ್ಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 150 ಮತ್ತು 62 ರನ್ ಗಳಿಸಿ ಪಂದ್ಯಶ್ರೇಷ್ಠರಾದರು. ಹೋದ ಜಾಗ ಮತ್ತೆ ಸಿಗಬಹುದು. ಮೆದುಳು ಸಿಗುವುದಿಲ್ಲ.

ಈಗ ನಾವು ತಿಳಿದಿರಬೇಕಾದ ವಿಷಯ. ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವಂತೆ ಇರುತ್ತದೆ. ಜೋರಾಗಿ ಏಟು ಬಿದ್ದಾಗ ಒಳಗೇ ಅಲುಗಾಡುತ್ತದೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ. ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು. ಕನ್ಕಶನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಜಾದ ನೋಟ, ಕೇಳಿದ್ದನ್ನೇ ಕೇಳುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ನಿಲ್ಲಿಸಬೇಕು, ಗಾಯಾಳುವನ್ನು ಒಬ್ಬನೇ ಬಿಡಬಾರದು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಡಾಕ್ಟರು ಒಪ್ಪಿದ ಮೇಲೆಯೇ ಮತ್ತೆ ಆಟ, ಅದೂ ಹಂತಹಂತವಾಗಿ.

2019ರ ಆಗಸ್ಟ್ 1ರಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ತಲೆಗೆ ಏಟಾದವನ ಬದಲಿಗೆ ಪೂರ್ಣ ಆಟ ಆಡುವ ಇನ್ನೊಬ್ಬನಿಗೆ ಅವಕಾಶವಿದೆ. ಎಲ್ಲಾ ಕಡೆ ಇಂಥ ವ್ಯವಸ್ಥೆ ಇಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಕುಸಿದ ಮೈಸೂರಿನ ಯುವಕ ಬದುಕಲಿಲ್ಲ. ನಮ್ಮ ಹಳ್ಳಿಯ ಕಬಡ್ಡಿ ಅಂಗಳದಲ್ಲಂತೂ ಡಾಕ್ಟರೂ ಇರುವುದಿಲ್ಲ, ಆಂಬುಲೆನ್ಸೂ ಇರುವುದಿಲ್ಲ. ಅಲ್ಲಿ ಇರುವವರು ನಾವೇ.

ಆದ್ದರಿಂದ ನನ್ನದು ಎರಡು ವಿನಂತಿ. ಏಟು ಬಿದ್ದವನು ಮುಚ್ಚಿಡಬಾರದು. ಪಕ್ಕದಲ್ಲಿದ್ದವರು “ಗಂಡಸಾಗು, ಏಳೋ” ಎನ್ನಬಾರದು. ನಮ್ಮೂರ ತಂಡದಲ್ಲಿ ಈಗ ಯಾರಿಗಾದರೂ ತಲೆಗೆ ಬಡಿದರೆ ಅವನನ್ನು ಮೊದಲು ಹೊರಗೆ ಕೂರಿಸುತ್ತೇವೆ, ನೀರು ಕೊಟ್ಟು ಮಾತಾಡಿಸುತ್ತೇವೆ. ಇವತ್ತು ಯಾವ ವಾರ, ಸ್ಕೋರ್ ಎಷ್ಟು ಎಂದು ಕೇಳುತ್ತೇವೆ. ಸರಿಯಾಗಿ ಉತ್ತರಿಸಿದರೂ ಆ ದಿನ ಅವನಿಗೆ ಆಟವಿಲ್ಲ. ಅದಕ್ಕಾಗಿ ಎರಡು ಪಂದ್ಯ ಸೋತಿದ್ದೇವೆ. ಆ ನಷ್ಟವನ್ನು ನಾವು ಸಂತೋಷದಿಂದಲೇ ಬರೆದುಕೊಂಡಿದ್ದೇವೆ.